ರಾಣಿಯ ಮಡಿಲಕ್ಕಿ

ರಾಣಿಯ ಮದುವೆಯನ್ನು ಇನ್ನು ಒಂದು ದಿನವೂ ಮುಂದಕ್ಕೆ ಹಾಕುವಂತಿಲ್ಲ ಎಂಬುದು ಮಹಾಲಿಂಗಯ್ಯನಿಗೆ ಹೊಳೆದದ್ದು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ. ಮೂರು ಬೆರಳು ಹಣೆಯ ಮೇಲೆ ಅರ್ಧ ದಾರಿಯಲ್ಲಿ ನಿಂತುಬಿಟ್ಟವು. ನಿನ್ನೆ ಹೆಡ್ಮಾಸ್ತರು ಇಂಗ್ಲೆಂಡ್ ಚರಿತ್ರೆಯ ಪುಸ್ತಕ ಮುಚ್ಚುವಾಗ ಎಲಿಜಬೆತ್ ರಾಣಿಯ ಅಧ್ಯಾಯದಲ್ಲಿ ಎರಡೇ ಪುಟ ಉಳಿದಿದ್ದವು. ಆ ಎರಡು ಪುಟದಲ್ಲಿ ಮದುವೆಯಿಲ್ಲ, ಸಾವಿದೆ. ಅವನು ಮನೆಯಲ್ಲಿ ನಾಲ್ಕು ಸಲ ಓದಿ ನೋಡಿದ್ದ, ಎಲ್ಲಾದರೂ ಸಾಲುಗಳ ನಡುವೆ ಒಬ್ಬ ಗಂಡ ಅಡಗಿ ಕೂತಿದ್ದಾನೇನೋ ಎಂಬ ಆಸೆಯಿಂದ. ಓದಿದರೆ ಅವನಿಗೆ ಇಂಗ್ಲಿಷು ತಿಳಿಯುತ್ತಿತ್ತು. ಯಾರಾದರೂ ಮಾತಾಡಿದರೆ ಮಾತ್ರ ಕಿವಿಯ ಹತ್ತಿರ ಜೇನು ಹಾರಿದಂತಾಗಿ ಏನೂ ತಿಳಿಯುತ್ತಿರಲಿಲ್ಲ. ಈ ಸಂಗತಿ ಮಧುಗಿರಿಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. “ಸ್ಕೂಲ್ ಇನ್ಸ್‌ಪೆಕ್ಟರು ಬರೋ ದಿನ ಕಣೋ, ನೆಟ್ಟಗೆ ಹಚ್ಕೋ,” ಎಂದಳು ಅಕ್ಕ ಜಗದಾಂಬ, ಮೊರದ ಅಕ್ಕಿಯಿಂದ ತಲೆಯೆತ್ತದೆ. ಆಮೇಲೆ, “ಆ ಹುಡುಗಿ ಮದುವೆ ಏನಾಯ್ತು?” ಎಂದಳು. ದಿನಾ ಸಂಜೆ ಅವನ ಬಾಯಿಂದ ಪಾಠದ ಕಥೆ ಕೇಳುವ ಅಕ್ಕ ರಾಣಿಯನ್ನು ಮೊದಲಿನಿಂದಲೂ ಆ ಹುಡುಗಿ ಎಂದೇ ಕರೆಯುತ್ತಿದ್ದಳು. “ಆಗತ್ತೆ, ಇನ್ನೇನು ಒಂದು ವಾರ,” ಎಂದ ಮಹಾಲಿಂಗಯ್ಯ. ಅಕ್ಕ ನಕ್ಕಳು. “ಥೇಟು ಅಪ್ಪನ ಥರಾನೇ ಹೇಳ್ತೀಯ,” ಎಂದಳು.

ಅವನು ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು, ಬಿಚ್ಚಿ, ಮತ್ತೆ ತಪ್ಪಾಗಿ ಹಾಕಿಕೊಂಡ. ಇದೆಲ್ಲ ಶುರುವಾದದ್ದು ತನ್ನ ಹಾಳು ಬಾಯಿಂದ. ಬೆಟ್ಟದ ಬುಡದ ಆ ಹೈಸ್ಕೂಲಿನಲ್ಲಿ ಅವನು ಕೆಳಗಿನ ತರಗತಿಗಳಿಗೆ ಕನ್ನಡ ಹೇಳಿಕೊಂಡು ಸುಖವಾಗಿದ್ದ. ಮೇಲಿನ ತರಗತಿಯಲ್ಲಿ ಚರಿತ್ರೆ, ಭೂಗೋಳ, ಲೆಕ್ಕ ಎಲ್ಲವೂ ಇಂಗ್ಲಿಷಿನಲ್ಲಿ. ಆ ವರ್ಷ ಹಳ್ಳಿಯ ಕನ್ನಡ ಶಾಲೆಗಳಿಂದ ನಾಲ್ಕು ಹುಡುಗರು ಬಂದು ಸೇರಿದರು. ಸಿರಾ ಕಡೆಯ ಚಿಕ್ಕಹನುಮಯ್ಯ, ಪಾವಗಡದ ಆಚೆ ರಾಯಚರ್ಲಿನಿಂದ ಬಂದ ತೆಲುಗು ಮಾತಿನ ದೊಡ್ಡರಂಗಪ್ಪ, ಕೊರಟಗೆರೆ ಕಡೆಯ ಇಬ್ಬರು. ನಾಲ್ವರೂ ಲೆಕ್ಕದಲ್ಲಿ ಹುಲಿಗಳು. ಕುಂಭಕೋಣದ ಹೆಡ್ಮಾಸ್ತರು ಬಾಯಿ ತೆರೆದ ಕೂಡಲೇ ನಾಲ್ವರೂ ಹಿಂದಿನ ಬೆಂಚಿನಲ್ಲಿ ಕಲ್ಲಾಗಿ ಕೂತು ಸೂರಿನ ತೊಲೆಗಳನ್ನು ನೋಡುತ್ತಿದ್ದರು. ಹೆಡ್ಮಾಸ್ತರಿಗೆ ಬದನೆಕಾಯಿ ಕೊಳ್ಳುವುದಕ್ಕೆ ಬೇಕಾದಷ್ಟು ಕನ್ನಡ ಮಾತ್ರ ಬರುತ್ತಿತ್ತು. ಇಂಗ್ಲೆಂಡಿನ ರಾಜವಂಶಗಳಿಗೆ ಅದು ಸಾಲುತ್ತಿರಲಿಲ್ಲ. ಇವರನ್ನು ಊರಿಗೆ ಕಳಿಸಿಬಿಡುವುದೇ ವಾಸಿ ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಮಹಾಲಿಂಗಯ್ಯನಿಗೆ ತಾನು ಓದಿದ ತುಮಕೂರಿನ ಹೈಸ್ಕೂಲಿನ ತೊಲೆಗಳು ನೆನಪಾದವು. ಅವನೂ ಎರಡು ವರ್ಷ ಹಾಗೇ ಕೂತಿದ್ದ. ಯಾವ ತೊಲೆಗೆ ಗೆದ್ದಲು ಹಿಡಿದಿದೆ, ಯಾವುದರಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದೆ ಎಂಬುದೊಂದೇ ಆ ಎರಡು ವರ್ಷದ ವಿದ್ಯೆ. “ನಾನು ಅವರ ಪಕ್ಕ ಕೂತು ಅರ್ಥ ಹೇಳ್ತೀನಿ ಸಾರ್,” ಎಂದುಬಿಟ್ಟ. ಹೆಡ್ಮಾಸ್ತರು ಅವನನ್ನು ಮೇಲಿಂದ ಕೆಳಗೆ ನೋಡಿ, ಇನ್ಸ್‌ಪೆಕ್ಟರು ಬರುವವರೆಗೆ ನಡೆಯಲಿ ಎಂದರು. ಇನ್ಸ್‌ಪೆಕ್ಟರು ಒಪ್ಪದಿದ್ದರೆ ಹುಡುಗರು ಊರಿಗೆ, ಮಹಾಲಿಂಗಯ್ಯ ಪಾವಗಡದ ಗಡಿಯ ಒಂಟಿ ಮೇಷ್ಟರ ಶಾಲೆಗೆ. ಇದನ್ನು ಅವರು ಇಂಗ್ಲಿಷಿನಲ್ಲೇ ಹೇಳಿದರೂ ಅಂದು ಅವನಿಗೆ ಪೂರ್ತಿ ತಿಳಿಯಿತು.

ಅಂದಿನಿಂದ, ವಯಸ್ಸು ಮೂವತ್ತು ದಾಟಿದ ಮಹಾಲಿಂಗಯ್ಯ ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರತೊಡಗಿದ. ಮುಂದಿನ ಬೆಂಚಿನ ವಕೀಲರ ಮಕ್ಕಳು ಅವನನ್ನು ಕಂಡು ಕಿಸಕ್ಕೆಂದರು. ಹಿಂದಿನ ರಾತ್ರಿ ಓದಿಟ್ಟುಕೊಂಡದ್ದನ್ನು ಅವನು ಪದಕ್ಕೆ ಪದ ಇಟ್ಟು ಪಿಸುಗುಟ್ಟಿದರೆ ಹುಡುಗರು ಅವನ ಬಾಯನ್ನೇ ಮತ್ತೊಂದು ತೊಲೆಯೆಂಬಂತೆ ನೋಡಿದರು. ಒಂದು ದಿನ ಬೇಸತ್ತು, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಅಪ್ಪನ ಧಾಟಿ ಹಿಡಿದುಬಿಟ್ಟ. ಅವನು ಹುಡುಗನಾಗಿದ್ದಾಗ ಸಿದ್ದರಬೆಟ್ಟದ ಕೆಳಗಿನ ಮಠದಲ್ಲಿ ಸಂಜೆಯ ಹೊತ್ತು ಪುರಾಣ. ಶಾಸ್ತ್ರಿಗಳು ಒಂದು ಪದ್ಯ ಹಾಡಿ ನಿಲ್ಲಿಸಬೇಕು, ಅಪ್ಪ ಚನ್ನಮಲ್ಲಯ್ಯ ಅರ್ಥ ಹೇಳಬೇಕು, ಕಂಬಕ್ಕೆ ಒರಗಿದ ರೈತರು ಹ್ಞೂಂ ಅನ್ನಬೇಕು. ಹ್ಞೂಂ ಬಾರದೆ ಅಪ್ಪ ಮುಂದಕ್ಕೆ ಹೋಗುತ್ತಿರಲಿಲ್ಲ; ಒಂದು ಸಲ ಯಾರೋ ನಿದ್ದೆ ಹೋದರೆಂದು ಶಿವನನ್ನು ಅರ್ಧ ಗಂಟೆ ಬಾಗಿಲಲ್ಲೇ ನಿಲ್ಲಿಸಿದ್ದರು. “ಆಗ ಏನಾಯ್ತಪ್ಪಾ ಅಂದರೆ,” ಎಂದು ಮಹಾಲಿಂಗಯ್ಯ ಶುರುಮಾಡಿದ, “ಎಂಟನೇ ಹೆನ್ರಿ ಎಂಬ ರಾಜನಿಗೆ ಗಂಡು ಸಂತಾನವಿಲ್ಲ.” “ಹ್ಞೂಂ,” ಎಂದ ಚಿಕ್ಕಹನುಮಯ್ಯ. ಸಂತಾನವಿಲ್ಲದ ರಾಜರು ಅವನಿಗೆ ಹುಟ್ಟಿದಾಗಿನಿಂದ ಪರಿಚಯ. ಅಲ್ಲಿಂದ ಮುಂದೆ ತೊಂದರೆಯಾಗಲಿಲ್ಲ. ತಿಂಗಳು ಕಳೆಯುವುದರೊಳಗೆ ಹೆಡ್ಮಾಸ್ತರು ತಮಗೇ ಅರಿವಿಲ್ಲದೆ ಎರಡು ಮೂರು ವಾಕ್ಯ ಓದಿ ನಿಲ್ಲಿಸಿ, ಹಿಂದಿನ ಬೆಂಚಿನಿಂದ ಹ್ಞೂಂ ಕೇಳಿಸಿದ ಮೇಲೆ ಮುಂದಕ್ಕೆ ಓದುವುದನ್ನು ಕಲಿತರು. ವಕೀಲರ ಮಕ್ಕಳು ಬೆನ್ನನ್ನು ಹಿಂದಕ್ಕೆ ವಾಲಿಸಿ ಕೂರುವುದನ್ನು ಕಲಿತರು. ಹುಡುಗರಿಗೆ ಕಥೆ ಮೊದಲೇ ಗೊತ್ತಿದ್ದರಿಂದ ಇಂಗ್ಲಿಷ್ ವಾಕ್ಯ ಬಂದಾಗ ಪರಿಚಯದ ಮುಖ ಕಂಡಂತೆ ಅದನ್ನು ಗುರುತು ಹಿಡಿಯತೊಡಗಿದರು.

ಅಪ್ಪನ ಧಾಟಿಯ ಜೊತೆ ಅಪ್ಪನ ಚಾಳಿಯೂ ಬರುತ್ತದೆಂದು ಅವನು ಯೋಚಿಸಿರಲಿಲ್ಲ. ಪುರಾಣವೆಂದ ಮೇಲೆ ಅದರಲ್ಲೊಂದು ಕಲ್ಯಾಣ ಬರಲೇಬೇಕು. ಮಠದಲ್ಲಿ ಪಾರ್ವತಿಯ ಮದುವೆಯ ಭಾಗ ಬಂದ ದಿನ ಹೆಂಗಸರು ಅಕ್ಕಿ, ಕೊಬ್ಬರಿ, ರವಿಕೆ ಕಣ ತಂದು ಪುಸ್ತಕದ ಮುಂದಿಟ್ಟು ಮಡಿಲು ತುಂಬುತ್ತಿದ್ದರು. ಪಾನಕ, ಕೋಸಂಬರಿ ಊರಿಗೆಲ್ಲ. ಎಲಿಜಬೆತ್ತು ಪಟ್ಟಕ್ಕೆ ಬಂದ ದಿನವೇ ದೊಡ್ಡರಂಗಪ್ಪ ಮದುವೆ ಯಾವಾಗ ಎಂದು ತನ್ನ ತೆಲುಗಿನಲ್ಲಿ ಕೇಳಿದ್ದ: “ಪೆಳ್ಳಿ ಎಪ್ಪುಡು ಸಾ?” ಮಹಾಲಿಂಗಯ್ಯ ಇಲ್ಲ ಎನ್ನಬಹುದಾಗಿತ್ತು. ನಾಲ್ಕು ಮುಖಗಳು ಅವನತ್ತ ತಿರುಗಿದ್ದವು. ಅವನ ಬಾಯಿಂದ ಅಪ್ಪನ ದನಿಯೇ ಹೊರಬಂತು: “ಇನ್ನೇನು, ಮುಂದಿನ ವಾರ.” ಮನೆಯ ಜಗಲಿಯಲ್ಲಿ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು, ಜಗದಾಂಬನ ಮದುವೆ ಯಾವಾಗ ಚನ್ನಮಲ್ಲಯ್ಯ? ಇನ್ನೇನು, ಮುಂದಿನ ವರ್ಷ. ಅಕ್ಕನಿಗೆ ಗೊತ್ತುಮಾಡಿದ ಗಂಡು ಲಗ್ನದ ಹಿಂದಿನ ವಾರ ನಾಟಕದ ಕಂಪನಿಯ ಜೊತೆ ಓಡಿಹೋಗಿದ್ದ. ಸ್ತ್ರೀ ಪಾತ್ರ ಮಾಡುತ್ತಿದ್ದನೆಂದೂ ಒಳ್ಳೆ ಹೆಸರು ಬಂತೆಂದೂ ಆಮೇಲೆ ಸುದ್ದಿ ಬಂತು. ಮದುವೆಗೆಂದು ಕುಟ್ಟಿಟ್ಟ ಅಕ್ಕಿಯನ್ನು ಮನೆಯವರು ಇಡೀ ವರ್ಷ ಉಂಡರು. ಅಪ್ಪ ಸಾಯುವ ವರ್ಷವೂ ಮುಂದಿನ ವರ್ಷ ಎಂದೇ ಹೇಳಿದ್ದರು, ಒಳಗೆ ಅಕ್ಕ ಅವರಿಗಾಗಿ ಗಂಜಿ ಬಸಿಯುತ್ತಿದ್ದುದು ಕೇಳಿಸುತ್ತಿತ್ತು. ಈಗ ಹೆಂಡತಿ ಬಾಣಂತನಕ್ಕೆ ಹೋಗಿರುವಾಗ ಮನೆ ನೋಡಿಕೊಳ್ಳುತ್ತಿರುವುದು ಯಾರೆಂದು ಊರಿನವರು ಕೇಳಿದರೆ ಮಹಾಲಿಂಗಯ್ಯ, “ನಮ್ಮವರೇ ಒಬ್ಬರು,” ಎನ್ನುತ್ತಿದ್ದ. ಅದನ್ನು ನೆನೆದರೆ ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಮತ್ತೆ ಕೇಳಿದವರಿಗೆ ಹಾಗೇ ಹೇಳುತ್ತಿದ್ದ.

ಶಾಲೆಯ ದಾರಿಯಲ್ಲಿ ಬೆಟ್ಟದ ಬಂಡೆ ಆಗಲೇ ಕಾವು ಉಗುಳುತ್ತಿತ್ತು. ಮದುವೆ ಇದೆ ಎಂದ ಮೇಲೆ ಗಂಡು ಯಾರು ಎಂಬ ಪ್ರಶ್ನೆ ಬಂದೇ ಬಂತು, ಅದನ್ನು ಹುಡುಗರೇ ತೀರ್ಮಾನಿಸಿದರು. ಸ್ಪೇನಿನ ರಾಜ. ಅವನು ರಾಣಿಯ ಅಕ್ಕನ ಗಂಡ, ಅಕ್ಕ ತೀರಿಹೋದಳು, ಅವನು ತಂಗಿಯನ್ನು ಕೇಳಿ ಕಳಿಸಿದ. ಇಷ್ಟು ಪುಸ್ತಕದಲ್ಲೇ ಇತ್ತು. “ಅಕ್ಕ ಸತ್ರೆ ತಂಗೀನ ಕೊಡಾದು ನಮ್ಮ ಕಡೆನೂ ಐತೆ ಸಾ,” ಎಂದು ಚಿಕ್ಕಹನುಮಯ್ಯ ಅಲ್ಲಿಗೆ ಮಾತು ಮುಗಿಸಿದ. ಮಹಾಲಿಂಗಯ್ಯ ಅಲ್ಲಗಳೆಯಲಿಲ್ಲ. ಕಳೆದ ವಾರದ ಪಾಠದಲ್ಲಿ ಸ್ಪೇನಿನಿಂದ ನೂರಾರು ಹಡಗುಗಳು ಹೊರಟಾಗ ನಾಲ್ವರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದನ್ನು ಅವನು ಕಂಡಿದ್ದ. ಯುದ್ಧದ ಹಡಗು ಕಣ್ರಯ್ಯಾ ಎಂದು ಹೇಳಿದ್ದ ಕೂಡ, ಆದರೆ ಎಷ್ಟು ಮೆಲ್ಲಗೆ ಹೇಳಿದ್ದನೆಂದರೆ ಅವನಿಗೇ ಕೇಳಿಸಿರಲಿಲ್ಲ. ಬಿರುಗಾಳಿಗೆ ಹಡಗು ಚೆದುರಿದವು ಎಂದಾಗ ದೊಡ್ಡರಂಗಪ್ಪ ನಿಟ್ಟುಸಿರು ಬಿಟ್ಟು, ದಿಬ್ಬಣ ಹೊರಡುವಾಗ ಶಕುನ ನೋಡಬೇಕಾಗಿತ್ತು ಎಂದಿದ್ದ.

ಶಾಲೆಯ ಗೇಟಿನ ಹತ್ತಿರ ಹುಣಸೆ ಮರದ ನೆರಳಲ್ಲಿ ಚಿಕ್ಕಹನುಮಯ್ಯನ ತಾಯಿ ಕೊಲ್ಲಾಪುರಮ್ಮ ಕೂತಿದ್ದಳು. ನಿನ್ನೆ ಸಂಜೆಯೇ ಸಂತೆಯ ಗಾಡಿಯಲ್ಲಿ ಊರಿನಿಂದ ಬಂದವಳು. ಮಡಿಲಲ್ಲಿ ಒಂದು ಗಂಟು, ಪಕ್ಕದಲ್ಲಿ ಬಾಳೆ ಎಲೆ ಮುಚ್ಚಿದ ಹಿತ್ತಾಳೆ ಕೊಡ. ಏಲಕ್ಕಿಯ ವಾಸನೆ ರಸ್ತೆಗೇ ಬರುತ್ತಿತ್ತು.

“ಬಂದ್ರಾ ಮೇಷ್ಟ್ರೇ,” ಎಂದು ಅವಳು ಎದ್ದಳು. “ಇವತ್ತೇ ಅಂತಲ್ಲ. ನಮ್ಮ ಹನುಮ ಹೇಳ್ದ, ಇನ್ನೆಲ್ಡೇ ಹಾಳೆ ಉಳ್ದವೆ, ಮದ್ವೆ ಆಗ್ಲೇಬೇಕು ಅಂತ. ಅದ್ಕೇ ಮಡ್ಲಕ್ಕಿ ಕಟ್ಕೊಂಡು ಬಂದ್ಬುಟ್ಟೆ.”

“ಯಾರಿಗಮ್ಮಾ?” ಎಂದ ಮಹಾಲಿಂಗಯ್ಯ, ಗೊತ್ತಿದ್ದೂ.

“ರಾಣಮ್ಮಂಗೆ ಕಣಪ್ಪ. ತಾಯಿ ತಲೆ ಕಡ್ಸವ್ರಂತೆ, ತಂದೆನೂ ಇಲ್ವಂತೆ. ಮಡ್ಲು ತುಂಬಾಕೆ ಯಾರವ್ರೆ ಆ ಮಗೀಗೆ? ಪುಸ್ತಕದ ಮುಂದೆ ಇಟ್ಟು ಒಂದು ಕಾಯಿ ಒಡ್ಸಿ. ಪಾನಕ ಹುಡುಗ್ರಿಗೆ ಆಯ್ತದೆ.”

“ಅಮ್ಮಾ, ಇವತ್ತು ಇನ್ಸ್‌ಪೆಕ್ಟರು ಬರ್ತಾರೆ.”

“ಬರ್ಲಿ ಬುಡಿ. ಒಬ್ರಿಗೆ ಹೆಚ್ಚಾದಂಗಾ? ಕೊಡದ ತುಂಬ ಐತೆ.”

ಆಗಲೇ ಹೇಳಿಬಿಡಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ದೊಡ್ಡರಂಗಪ್ಪನೂ ಚಿಕ್ಕಹನುಮಯ್ಯನೂ ಓಡಿಬಂದು ಕೊಡವನ್ನು ಎತ್ತಿಕೊಂಡು, ಮೇಷ್ಟರು ಒಪ್ಪಿದರೆಂದೇ ತಿಳಿದು, ಹಿತ್ತಲ ಬಾಗಿಲಿನಿಂದ ಒಳಕ್ಕೆ ಸಾಗಿಸಿಬಿಟ್ಟರು. ಕೊಲ್ಲಾಪುರಮ್ಮ ಗಂಟನ್ನು ಅವನ ಕೈಗಿಟ್ಟಳು. ಹೊಸ ರವಿಕೆ ಕಣದಲ್ಲಿ ಕಟ್ಟಿದ ಆ ಗಂಟು ಎಳೆಕೂಸಿನಷ್ಟು ಭಾರವಿತ್ತು, ಅದನ್ನು ಹಿಡಿಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೋಟಿನೊಳಗೆ ತುರುಕಿಕೊಂಡ. ಅದರಿಂದ ಅವನಿಗೆ ದಿಢೀರನೆ ಹೊಟ್ಟೆ ಬಂದಂತಾಯಿತು. ಜಗಲಿಯಲ್ಲಿ ಎದುರಾದ ಹೆಡ್ಮಾಸ್ತರು ಆ ಹೊಟ್ಟೆಯನ್ನೇ ನೋಡಿ ಏನೋ ಅಂದರು. ಅವನು “ಎಸ್ ಸಾರ್” ಎಂದು ಒಳಗೆ ನುಗ್ಗಿದ.

ಇನ್ಸ್‌ಪೆಕ್ಟರು ಜರಿ ರುಮಾಲಿನ, ತುಂಬು ಮೈಯ ಮೈಸೂರಿನವರು. ಮಹಾರಾಜರ ಪಟದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಶಾಲೆಯ ಕಾಂಪೌಂಡಿನೊಳಗೆ ಕನ್ನಡ ಆಡುವುದಿಲ್ಲವೆಂದು ಅವರದೊಂದು ವ್ರತವಿತ್ತಂತೆ. ಹೆಡ್ಮಾಸ್ತರು ಪುಸ್ತಕ ತೆರೆದು ಓದತೊಡಗಿದರು. ಇಂದು ನಿಲ್ಲಿಸಬಾರದೆಂದು ಅವರು ನಿಶ್ಚಯಿಸಿದ್ದು ಮುಖದಲ್ಲೇ ಕಾಣುತ್ತಿತ್ತು, ಆದರೆ ಮೂರನೇ ವಾಕ್ಯಕ್ಕೆ ಅಭ್ಯಾಸಬಲದಿಂದ ನಿಂತೇಬಿಟ್ಟರು. ಮಹಾಲಿಂಗಯ್ಯ ಬಾಯಿ ತೆರೆಯಲಿಲ್ಲ. ಮುಂದಿನ ಬೆಂಚಿನ ಬೆನ್ನುಗಳು ಸಾಲಾಗಿ ಹಿಂದಕ್ಕೆ ವಾಲಿದವು. ಹೆಡ್ಮಾಸ್ತರು ಕೆಮ್ಮಿದರು. ಹ್ಞೂಂ ಬಾರದೆ ಅವರ ಕಣ್ಣು ಮುಂದಿನ ಸಾಲಿಗೆ ಹೋಗಲೊಲ್ಲದು. ಇನ್ಸ್‌ಪೆಕ್ಟರು ಮೂಗನ್ನು ಎತ್ತಿ, ಅರಳಿಸಿ, ತರಗತಿಯನ್ನೆಲ್ಲ ಮೂಗಿನಿಂದಲೇ ಒಂದು ಸುತ್ತು ಪರೀಕ್ಷಿಸಿದರು. ಕೋಟಿನೊಳಗಿನ ಅಕ್ಕಿ ಮಹಾಲಿಂಗಯ್ಯನ ಹೊಟ್ಟೆಗೆ ಒತ್ತುತ್ತಿತ್ತು. ಕಿಟಕಿಯ ಸರಳಿನ ಆಚೆ ಕೊಲ್ಲಾಪುರಮ್ಮನ ಮುಖ ಕಾಣಿಸಿತು, ಸೆರಗು ಹೊದ್ದು ಮಠದಲ್ಲಿ ಕೂತವಳ ಹಾಗೆ. ಹೆಡ್ಮಾಸ್ತರು ಬೆವರುತ್ತ ಕೊನೆಯ ಭಾಗಕ್ಕೆ ಬಂದರು: ರಾಣಿ ವೃದ್ಧೆಯಾದಳು, ಕಾಯಿಲೆ ಬಿದ್ದಳು, ತೀರಿಕೊಂಡಳು, ಪಟ್ಟ ಸ್ಕಾಟ್ಲೆಂಡಿನ ಅರಸನಿಗೆ ಹೋಯಿತು. ಪುಸ್ತಕ ಕೆಳಗಿಟ್ಟರು.

ಅಧ್ಯಾಯ ಮುಗಿಯಿತೆಂಬುದು ನಾಲ್ವರಿಗೂ ತಿಳಿಯಿತು. ಸತ್ತಳೆಂಬ ಇಂಗ್ಲಿಷ್ ಮಾತು ತಿಳಿಯದಷ್ಟು ಮಂಕರೇನಲ್ಲ ಅವರು. ನಾಲ್ಕು ಮುಖಗಳು ಮಹಾಲಿಂಗಯ್ಯನ ಕಡೆ ತಿರುಗಿದವು. ಅವನೊಬ್ಬನೇ ಇದನ್ನು ಸರಿಮಾಡಬಲ್ಲ ಎಂಬ ನಂಬಿಕೆ ಆ ಮುಖಗಳಲ್ಲಿತ್ತು. ಈಗಲೂ ಒಂದು ಸುಳ್ಳು ಹೇಳಿದರೆ ನಡೆಯುತ್ತಿತ್ತು. ಗುಟ್ಟಾಗಿ ಮದುವೆಯಾಗಿತ್ತು, ಪುಸ್ತಕದವರು ಬರೆಯಲಿಲ್ಲ ಎಂದರೆ ಯಾರು ಕೇಳುವವರು? ಅಪ್ಪನಾಗಿದ್ದರೆ ಹಾಗೇ ಹೇಳುತ್ತಿದ್ದರು. ಜಗಲಿಯಲ್ಲಿ ಹೇಳುತ್ತಿದ್ದರು, ಒಳಗೆ ಗಂಜಿ ಬಸಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಅಕ್ಕ ಅಷ್ಟೂ ವರ್ಷ ಅದನ್ನು ಕೇಳಿಸಿಕೊಂಡಳಲ್ಲ ಎಂದು ಮಹಾಲಿಂಗಯ್ಯನಿಗೆ ಆ ಹೊತ್ತಿನಲ್ಲಿ, ಇನ್ಸ್‌ಪೆಕ್ಟರ ಎದುರಿಗೆ, ತಡೆಯಲಾರದ ದುಃಖವಾಯಿತು. ಎದ್ದು ನಿಂತ. ಪಿಸುಮಾತು ಮರೆತು ಅಪ್ಪನ ಗಂಟಲಿನಲ್ಲಿ ಹೇಳಿದ: “ರಾಣಿ ಮದುವೆಯಾಗಲಿಲ್ಲ. ಯಾರನ್ನೂ ಆಗಲಿಲ್ಲ. ನಾನು ಆಗ್ತಾಳೆ ಅಂದದ್ದು ಸುಳ್ಳು. ಬಹಳ ವರ್ಷ ರಾಜ್ಯ ಆಳಿದಳು, ಚೆನ್ನಾಗಿ ಆಳಿದಳು. ಆಮೇಲೆ ತೀರಿಕೊಂಡಳು.”

ಹ್ಞೂಂ ಬರಲಿಲ್ಲ. ತರಗತಿಯಲ್ಲಿ ಕನ್ನಡ ಇಷ್ಟು ಗಟ್ಟಿಯಾಗಿ ಕೇಳಿ ಹೆಡ್ಮಾಸ್ತರು ಕಣ್ಣು ಮುಚ್ಚಿಕೊಂಡರು. ಆಗ ಚಿಕ್ಕಹನುಮಯ್ಯ ಎದ್ದ. ಮಹಾಲಿಂಗಯ್ಯನನ್ನು ನೋಡಲಿಲ್ಲ, ಮೇಷ್ಟರ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ನೇರ ಹೆಡ್ಮಾಸ್ತರನ್ನೇ ಕೇಳಿದ: “ಸರ್, ವೈ?”

ಹಿಂದಿನ ಬೆಂಚಿನಿಂದ ಹೆಡ್ಮಾಸ್ತರಿಗೆ ಬಂದ ಮೊದಲ ಪ್ರಶ್ನೆ ಅದು. ಅವರು ಪುಸ್ತಕ ತಿರುವಿದರು. ಪುಸ್ತಕದಲ್ಲಿ ಕಾರಣ ಬರೆದಿರಲಿಲ್ಲ. ವಕೀಲರ ಹಿರಿಯ ಮಗ, ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. “ನೋ ಫಾದರ್, ಸರ್,” ಎಂದು ದೊಡ್ಡರಂಗಪ್ಪ ಎದ್ದ, “ನೋ ಮದರ್. ಹೂ ವಿಲ್ ಫಿಕ್ಸ್?” ಮಂತ್ರಿಗಳಿದ್ದರಲ್ಲ, ಅವರು ನಿಶ್ಚಯ ಮಾಡಬಹುದಿತ್ತು ಎಂದು ವಕೀಲರ ಎರಡನೇ ಮಗ ತನಗರಿಯದೆಯೇ ವಾದಕ್ಕೆ ಇಳಿದ. ಕೊರಟಗೆರೆಯ ಹುಡುಗನೊಬ್ಬ, ಗಂಡ ಬಂದರೆ ರಾಜ್ಯ ಗಂಡನದಾಗುತ್ತದೆ, ರಾಣಿ ಜಾಣೆ ಎಂದು ಕ್ರಿಯಾಪದಗಳನ್ನೆಲ್ಲ ದಾರಿಯಲ್ಲಿ ಉದುರಿಸಿಕೊಂಡು ಹೇಳಿ ಮುಗಿಸಿದ. ಸ್ಪೇನಿನವನು ಅಷ್ಟು ಹಡಗು ಕಳಿಸಿದ್ದೇಕೆ ಎಂದು ಇನ್ಸ್‌ಪೆಕ್ಟರೇ ಕೇಳಿದರು. “ಮ್ಯಾರೇಜ್ ಪಾರ್ಟಿ, ಸರ್,” ಎಂದ ಚಿಕ್ಕಹನುಮಯ್ಯ. ಆಮೇಲೆ ಕಿಟಕಿಯ ಕಡೆ ನೋಡಿ, “ವಿ ಬ್ರಾಟ್ ಪಾನಕ, ಸರ್,” ಎಂದ.

ಇನ್ಸ್‌ಪೆಕ್ಟರ ಮೂಗಿಗೆ ಕೊನೆಗೂ ಸಮಾಧಾನವಾಯಿತು. ಕೊಡ ಹೊರಗೆ ಬಂತು. ಅವರು ಒಂದು ಲೋಟ ಕುಡಿದು, ಇನ್ನೊಂದಕ್ಕೆ ಕೈ ಚಾಚಿ, “ಏಲಕ್ಕಿ ಒಂಚೂರು ಮುಂದಾಯ್ತು,” ಎಂದು ವ್ರತವನ್ನು ಮುರಿದುಕೊಂಡರು. ಕೂಡಲೇ ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಹೆಡ್ಮಾಸ್ತರ ಕಡೆ ತಿರುಗಿ ಬಿರುಸಾದ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನಡುನಡುವೆ ಹಿಂದಿನ ಬೆಂಚಿನ ಕಡೆ ಬೆರಳು ತೋರಿಸಿದರು. ಮಹಾಲಿಂಗಯ್ಯನ ಕಿವಿಗೆ ಮತ್ತೆ ಜೇನು ಮುತ್ತಿತು. ಊರು ಎಂಬ ಮಾತು ಬಂತು, ಕಳಿಸುವುದು ಎಂಬ ಮಾತು ಬಂತು. ಆಯಿತು, ಮುಗಿಯಿತು ಎಂದುಕೊಂಡ. ನಾಲ್ಕು ಹುಡುಗರು ಗಂಟು ಕಟ್ಟಿಕೊಂಡು ನಾಲ್ಕು ದಾರಿ ಹಿಡಿಯುವುದು ಕಣ್ಣಿಗೆ ಕಟ್ಟಿತು. ಇನ್ಸ್‌ಪೆಕ್ಟರು ಈಗ ನೇರವಾಗಿ ಅವನನ್ನೇ ನೋಡುತ್ತ ಏನೋ ಕೇಳಿ, ಉತ್ತರಕ್ಕೆ ಕಾದರು. ಏನು ಕೇಳಿದರು?

ಪಕ್ಕದಿಂದ ಏಲಕ್ಕಿಯ ಉಸಿರು ಕಿವಿಗೆ ತಾಗಿತು. ಚಿಕ್ಕಹನುಮಯ್ಯ ಬಾಯಿಗೆ ಕೈ ಅಡ್ಡ ಹಿಡಿದು, ಮೇಷ್ಟರು ತನಗೆ ಹೇಳುತ್ತಿದ್ದ ಧಾಟಿಯಲ್ಲೇ ಪಿಸುಗುಟ್ಟಿದ: “ಆಗ ಏನಾಯ್ತಪ್ಪಾ ಅಂದ್ರೆ ಸಾ, ನಮ್ಮನ್ನ ಊರಿಗೆ ಕಳಿಸ್ಬ್ಯಾಡಿ ಅಂತ ಹೆಡ್ಮಾಸ್ತರಿಗೆ ಹೇಳವ್ರೆ. ಇಲ್ಲೇ ಓದ್ಲಿ ಅಂದ್ರು. ನಿಮ್ಗೂ ಇದೇ ಕೆಲ್ಸ. ಈ ಬೆಂಚ್ನಾಗೆ ಮಂಡಿ ನೋಯಲ್ವಾ, ಒಂದು ಕುರ್ಚಿ ಹಾಕ್ಸನಾ ಅಂತ ಕೇಳ್ತಾವ್ರೆ.”

“ಹ್ಞೂಂ,” ಎಂದ ಮಹಾಲಿಂಗಯ್ಯ.

ಅದು ಇನ್ಸ್‌ಪೆಕ್ಟರಿಗೆ ಕೊಟ್ಟ ಉತ್ತರವಲ್ಲ, ಆದರೂ ಕುರ್ಚಿ ಬಂತು. ಹುಡುಗನಿಗೆ ಎಂದಿನಿಂದ ಗೊತ್ತಿತ್ತು, ಮೇಷ್ಟರ ಕಿವಿಗೆ ಇಂಗ್ಲಿಷು ಹತ್ತುವುದಿಲ್ಲವೆಂದು? ಕೇಳುವ ಧೈರ್ಯವಾಗಲಿಲ್ಲ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳನ್ನು ಏನು ಮಾಡಬೇಕೆಂದು ತಿಳಿಯದೆ, ಅವನು ಆ ದಿನದ ಉಳಿದ ಪಾಠವನ್ನೆಲ್ಲ ಕೇಳಿದ.

ಸಂಜೆ ಹುಣಸೆ ಮರದಡಿ ಕೊಲ್ಲಾಪುರಮ್ಮ ಖಾಲಿ ಕೊಡ ಇಟ್ಟುಕೊಂಡು ಗಾಡಿಗೆ ಕಾಯುತ್ತಿದ್ದಳು. ಅವನು ಕೋಟಿನಿಂದ ಗಂಟು ತೆಗೆದು ಅವಳ ಮುಂದೆ ಹಿಡಿದ. “ಕ್ಷಮಿಸಬೇಕಮ್ಮಾ. ಮದುವೆ ಆಗಲಿಲ್ಲ.”

“ಕೇಳಿಸ್ಕಂಡೆ ಬುಡಿ,” ಎಂದಳು ಅವಳು. ಗಂಟನ್ನು ಅವನ ಕಡೆಗೇ ತಳ್ಳಿದಳು. “ಒಂದು ಹೆಣ್ಣಿಗೆ ಅಂತ ಕಟ್ಟಿದ್ನ ವಾಪಸ್ ಒಯ್ಯಾಕಿಲ್ಲ ನಾವು. ನಿಮ್ಮನೇಲಿ ಯಾರಾನಾ ಹೆಣ್ಮಕ್ಕಳವ್ರಾ?”

ನಮ್ಮವರೇ ಒಬ್ಬರು ಎಂಬ ಮಾತು ಅಭ್ಯಾಸದಿಂದ ಬಾಯಿಗೆ ಬಂದಿತ್ತು. “ನಮ್ಮಕ್ಕ ಇದಾಳೆ,” ಎಂದ ಮಹಾಲಿಂಗಯ್ಯ. “ಅವಳಿಗೂ ಮದುವೆ ಆಗಿಲ್ಲ.”

“ಅಂಗಾದ್ರೆ ಆಯಮ್ಮಂಗೇ ಕೊಡಿ,” ಎಂದು ಕೊಲ್ಲಾಪುರಮ್ಮ ಗಾಡಿ ಹತ್ತಿದಳು.

ಮನೆಯಲ್ಲಿ ಅಕ್ಕ ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಗಿಟುಕು, ಅಚ್ಚು ಬೆಲ್ಲ, ಅರಿಶಿನದ ಕೊಂಬು. ಯಾರದು ಎಂದು ಕೇಳಿದಳು. ರಾಣಿಗೆ ಬಂದದ್ದು ಎಂದ. ಅವಳು ರವಿಕೆ ಕಣವನ್ನು ಕೊಡವಿ ಬಾಗಿಲ ಬೆಳಕಿಗೆ ಹಿಡಿದಳು. ಹಸಿರು, ಕೆಂಪು ಅಂಚು. ತೋಳಿನ ಮೇಲೆ ಹರಡಿ ನೋಡಿಕೊಂಡಳು. ಆಮೇಲೆ ಎಂದಿನಂತೆ ಮೊರ ಎಳೆದುಕೊಂಡು, ರಾಣಿಯ ಅಕ್ಕಿಯನ್ನು ಅದಕ್ಕೆ ಸುರಿದು, ಕಲ್ಲು ಆರಿಸತೊಡಗಿದಳು. “ಇವತ್ತಿಂದು ಹೇಳು ಮತ್ತೆ,” ಎಂದಳು.

ಮಹಾಲಿಂಗಯ್ಯ ಕಂಬಕ್ಕೆ ಒರಗಿ ಕೂತ.

“ಆ ಹುಡುಗಿ ಮದುವೆಯಾಗಲಿಲ್ಲ ಅಕ್ಕ,” ಎಂದ.

“ಹ್ಞೂಂ,” ಎಂದಳು ಅಕ್ಕ. “ಮುಂದೆ?”